ಇಷ್ಟವಿಯೋಗದಲ್ಲಿ ಶ್ರಾವಕನ ನಡೆ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)

  

ಮಂಗಳ ವಾದ್ಯಗಳು ಮೊಳಗುತ್ತಿರುವ ಈ ಮಂಟಪದಲ್ಲಿ ಶೋಕದ ವಿಷಯವನ್ನು ಎತ್ತಿಕೊಳ್ಳುವುದು ಉಚಿತವೇ ಎಂದು ಕೆಲವರಿಗೆ ಅನಿಸಬಹುದು. ಆದರೆ ಪಂಚಕಲ್ಯಾಣಗಳ ಕ್ರಮವನ್ನು ಸ್ವಲ್ಪ ನಿಧಾನಿಸಿ ನೋಡಿದರೆ ಈ ಶಂಕೆ ನಿಲ್ಲಲಾರದು. ದೀಕ್ಷಾ ಕಲ್ಯಾಣದ ದಿನ ನೀಲಾಂಜನೆಯ ನೃತ್ಯವನ್ನು ನಾವೆಲ್ಲರೂ ನೋಡುತ್ತೇವೆ. ನರ್ತಿಸುತ್ತಿರುವಾಗಲೇ ಆಕೆಯ ಆಯುಷ್ಯ ತೀರುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಅದೇ ಕ್ಷಣದಲ್ಲಿ ಮತ್ತೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಅದು ತಿಳಿಯುವುದಿಲ್ಲ. ಆದಿದೇವನೊಬ್ಬನೇ ಅದನ್ನು ಕಾಣುತ್ತಾನೆ. ಒಂದು ಮರಣವನ್ನು ಕಣ್ಣಾರೆ ಕಂಡದ್ದರಿಂದಲೇ ದೀಕ್ಷಾ ಕಲ್ಯಾಣ ಒದಗಿತು. ಇನ್ನು ನಿರ್ವಾಣ ಕಲ್ಯಾಣವು ಪರಮ ಮಂಗಳಕರವಾದುದು. ಆದರೂ ತಂದೆಯಾದ ವೃಷಭನಾಥನು ಕೈಲಾಸದಲ್ಲಿ ಮುಕ್ತನಾದಾಗ ಭರತ ಚಕ್ರವರ್ತಿಯು ಶೋಕಾಕುಲನಾದನೆಂದೂ, ವೃಷಭಸೇನ ಗಣಧರರು ಆತನನ್ನು ಸಂತೈಸಿದರೆಂದೂ ಪುರಾಣವು ಹೇಳುತ್ತದೆ. ತಂದೆಯು ಮೋಕ್ಷಕ್ಕೆ ಹೋದನೆಂದು ತಿಳಿದಿದ್ದ ಮಗನೇ ಅತ್ತಿರುವಾಗ, ಸಾಮಾನ್ಯ ಗೃಹಸ್ಥರ ಕಣ್ಣೀರಿನ ಬಗ್ಗೆ ಹೇಳುವುದೇನಿದೆ!

ಈ ಮಂಟಪದಲ್ಲಿ ಕುಳಿತವರಲ್ಲಿಯೂ ಅನೇಕರು ತಮ್ಮ ಪಕ್ಕದಲ್ಲಿ ಒಂದು ಬರಿದಾದ ಸ್ಥಾನವನ್ನು ಇಟ್ಟುಕೊಂಡೇ ಬಂದಿದ್ದಾರೆ. 2020 ಮತ್ತು 2021ರ ಕೊರೋನಾ ದಿನಗಳಲ್ಲಿ ಎಷ್ಟೋ ಮನೆಗಳವರು ತಮ್ಮವರ ಮುಖವನ್ನು ಕೊನೆಯ ಸಲ ನೋಡಲಿಲ್ಲ. ಕಿವಿಯಲ್ಲಿ ಪಂಚನಮಸ್ಕಾರ ಹೇಳಲಾಗಲಿಲ್ಲ. ಹೆಗಲು ಕೊಡಲು ನಾಲ್ಕು ಜನ ಸೇರಲಿಲ್ಲ. ಮಾತನಾಡಿಸಲು ಬರಬೇಕಾದವರು ದೂರವಾಣಿಯಲ್ಲಿಯೇ ಎರಡು ಮಾತು ಆಡಿ ಮುಗಿಸಿದರು. ಅದಕ್ಕೂ ಮುಂಚೆ 2019ರ ಆಗಸ್ಟ್‌ನಲ್ಲಿ ಕೃಷ್ಣೆ ಘಟಪ್ರಭೆಯರು ಉಕ್ಕಿ ಬಂದಾಗ ದಂಡೆಯ ಊರುಗಳ ಜನರು ಉಟ್ಟ ಬಟ್ಟೆಯಲ್ಲಿಯೇ ಎದ್ದು ಬಂದರು. ಬೀಳಗಿ ಜಮಖಂಡಿಗಳ ಕಡೆಯವರಿಗಂತೂ ಬೇರೊಂದು ಬಗೆಯ ವಿಯೋಗವೂ ಗೊತ್ತು. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳವರು ಪುನರ್ವಸತಿ ಕೇಂದ್ರಗಳಿಗೆ ಬಂದು ಹೊಸ ಮನೆ ಕಟ್ಟಿದರು. ಪರಿಹಾರವೂ ಬಂದಿತು. ಆದರೆ ಹುಟ್ಟಿದ ಮನೆಯ ಪಡಸಾಲೆ, ಬಾವಿಕಟ್ಟೆ, ಹಿರಿಯರು ಕುಳಿತ ಕಟ್ಟೆ ಇವು ಯಾವ ಪರಿಹಾರದ ಪಟ್ಟಿಯಲ್ಲಿಯೂ ಸೇರುವಂಥವುಗಳಲ್ಲ. ಅಂಥ ಹಿರಿಯರು ನೀರಿಳಿದ ಬೇಸಿಗೆಯಲ್ಲಿ ದಂಡೆಗೆ ಹೋಗಿ ಸುಮ್ಮನೆ ನಿಂತು ಬಂದರೆ, ಅವರನ್ನು ನೋಡಿ ಯಾರೂ ನಗಬಾರದು.

ಈಗ ಶಾಸ್ತ್ರದ ಮಾತಿಗೆ ಬರೋಣ. ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಬೇರೂರಿದೆ. ಜೈನನಾದವನು ಅಳಬಾರದು, ಅತ್ತರೆ ಅವನಿಗೆ ಸಮ್ಯಕ್ತ್ವವಿಲ್ಲ, ವೈರಾಗ್ಯದ ಗಂಧವಿಲ್ಲ ಎಂದು ಅರೆತಿಳಿದವರು ಹೇಳಿಬಿಡುತ್ತಾರೆ. ಸಾವಿನ ಮನೆಯಲ್ಲಿ ಕುಳಿತೇ ಹೀಗೆನ್ನುವ ಧೈರ್ಯವಂತರೂ ಇದ್ದಾರೆ. ಕರ್ಮಶಾಸ್ತ್ರವು ಇಷ್ಟೊಂದು ಕಠೋರವಾಗಿಲ್ಲ. ಚಾರಿತ್ರಮೋಹನೀಯದಲ್ಲಿ ಕ್ರೋಧಾದಿ ಕಷಾಯಗಳಲ್ಲದೆ ಒಂಬತ್ತು ನೋಕಷಾಯಗಳಿವೆ. ಹಾಸ್ಯ, ರತಿ, ಅರತಿಗಳ ಜೊತೆಯಲ್ಲಿ ಶೋಕವೂ ಅವುಗಳಲ್ಲಿ ಒಂದು. ಈ ಶೋಕದ ಉದಯವು ಎಲ್ಲಿಯವರೆಗೆ ಇರುತ್ತದೆ? ಎಂಟನೆಯ ಗುಣಸ್ಥಾನವಾದ ಅಪೂರ್ವಕರಣದವರೆಗೆ! ಅಣುವ್ರತಗಳನ್ನು ನಿರತಿಚಾರವಾಗಿ ಪಾಲಿಸುವ ಶ್ರಾವಕನು ಹೆಚ್ಚೆಂದರೆ ಐದನೆಯ ಗುಣಸ್ಥಾನದಲ್ಲಿರುವವನು. ಶ್ರೇಣಿಯನ್ನೇರಿದ ಮಹಾಮುನಿಗಳಲ್ಲಿಯೂ ಸೂಕ್ಷ್ಮವಾಗಿ ಉಳಿದಿರುವ ಒಂದು ಕರ್ಮವು, ಅಂಗಡಿಯ ಗಾದಿಯ ಮೇಲೆ ಕುಳಿತು ಮಕ್ಕಳು ಮರಿಗಳನ್ನು ಸಾಕುವವನಲ್ಲಿ ಇಲ್ಲದೆ ಇರಬೇಕೆಂದು ಕೇಳುವುದು ಯಾವ ನ್ಯಾಯ?

ಹಾಗಾದರೆ ಶೋಕಕ್ಕೆ ಮಿತಿಯೇ ಇಲ್ಲವೇ ಎಂದರೆ, ಇದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಆರ್ತಧ್ಯಾನದ ನಾಲ್ಕು ಭೇದಗಳನ್ನು ಹೇಳುವಾಗ ಇಷ್ಟವಿಯೋಗವನ್ನೂ ಹೇಳಿದ್ದಾರೆ. ಆದರೆ ಅದರ ಲಕ್ಷಣವನ್ನು ಗಮನವಿಟ್ಟು ನೋಡಬೇಕು. ಪ್ರಿಯವಾದುದು ಅಗಲಿದಾಗ ದುಃಖವಾಗುವುದಷ್ಟೇ ಆರ್ತಧ್ಯಾನವೆಂದು ಅಲ್ಲಿ ಹೇಳಿಲ್ಲ. ಅಗಲಿದುದನ್ನು ಮರಳಿ ಪಡೆಯುವುದು ಹೇಗೆಂದು ಚಿತ್ತವು ಪುನಃ ಪುನಃ ಅಲ್ಲಿಯೇ ಸುತ್ತುತ್ತಿರುವುದು ಆರ್ತಧ್ಯಾನ. ಇದೂ ಕೂಡ ಆರನೆಯ ಗುಣಸ್ಥಾನದ ಪ್ರಮತ್ತಸಂಯತರವರೆಗೆ ಸಂಭವಿಸುತ್ತದೆಂದು ಅದೇ ಅಧ್ಯಾಯ ಹೇಳುತ್ತದೆ. ಆರನೆಯ ಅಧ್ಯಾಯದಲ್ಲಿ ಶೋಕ, ತಾಪ, ಆಕ್ರಂದನ, ಪರಿದೇವನಗಳು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದೂ ಬಂದಿದೆ. ಈ ಎರಡನ್ನೂ ಕೂಡಿಸಿ ಓದಬೇಕು. ವ್ಯಾಪಾರಸ್ಥರಿಗೆ ತಿಳಿಯುವ ಮಾತಿನಲ್ಲಿ ಹೇಳುವುದಾದರೆ, ವಿಯೋಗದ ದುಃಖವು ಹಿಂದೆಂದೋ ಮಾಡಿದ ಸಾಲದ ಕಂತು. ವಾಯಿದೆ ಬಂದಿತು, ಕೊಡಲೇಬೇಕು, ಕೊಟ್ಟರೆ ಆ ಖಾತೆ ಅಷ್ಟರ ಮಟ್ಟಿಗೆ ಚುಕ್ತಾ ಆಯಿತು. ಅದೇ ಕಂತನ್ನು ಕೊಡುವಾಗ ವರ್ಷಗಟ್ಟಲೆ ಊಟ ಬಿಟ್ಟು, ಇದ್ದ ಮಕ್ಕಳನ್ನು ಮರೆತು, ಯಾರೋ ಮಾಟ ಮಾಡಿಸಿದರೆಂದು ದ್ವೇಷ ಕಟ್ಟಿಕೊಂಡರೆ, ಹಳೆಯ ಸಾಲ ತೀರಿಸಲು ಹೊಸ ಸಾಲ ತೆಗೆದಂತಾಯಿತು. ಉದಯ ಬೇರೆ, ಬಂಧ ಬೇರೆ. ಕಣ್ಣೀರು ಉದಯದ್ದು. ಅದನ್ನು ತಡೆಯಲು ಹೋಗಿ ಮನುಷ್ಯನು ಕಲ್ಲಾಗಬೇಕಾಗಿಲ್ಲ.

ಪುರಾಣಗಳು ಈ ಮಾತನ್ನು ಎಷ್ಟು ಸ್ಪಷ್ಟವಾಗಿ ಹೇಳುತ್ತವೆಂಬುದಕ್ಕೆ ಶ್ರೀರಾಮನ ವೃತ್ತಾಂತವನ್ನು ನೋಡಬಹುದು. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ, ರಾಮನು ಸತ್ತನೆಂಬ ಸುಳ್ಳು ಮಾತು ಕಿವಿಗೆ ಬಿದ್ದೊಡನೆ ಲಕ್ಷ್ಮಣನು ಕುಳಿತಲ್ಲಿಯೇ ಪ್ರಾಣ ಬಿಡುತ್ತಾನೆ. ರಾಮನು ತಮ್ಮನು ಸತ್ತನೆಂದು ಒಪ್ಪುವುದೇ ಇಲ್ಲ. ಶವಕ್ಕೆ ಸ್ನಾನ ಮಾಡಿಸುತ್ತಾನೆ, ಉಡಿಸುತ್ತಾನೆ, ತುತ್ತು ಮಾಡಿ ಬಾಯಿಗೆ ಇಡುತ್ತಾನೆ, ಹೆಗಲ ಮೇಲೆ ಹೊತ್ತು ತಿರುಗುತ್ತಾನೆ. ವಿಭೀಷಣ ಸುಗ್ರೀವಾದಿಗಳು ಬಂದು ಸಂಸಾರದ ಅನಿತ್ಯತೆಯನ್ನು ಬೋಧಿಸಿದರೆ ಅವರ ಮೇಲೆಯೇ ಸಿಟ್ಟಾಗುತ್ತಾನೆ. ಹೀಗೆ ಆರು ತಿಂಗಳು ಕಳೆಯುತ್ತವೆ. ಕೊನೆಗೆ ದೇವಪರ್ಯಾಯ ಪಡೆದಿದ್ದ ಜಟಾಯುವಿನ ಹಾಗೂ ಸೇನಾಪತಿ ಕೃತಾಂತವಕ್ತ್ರನ ಜೀವಗಳು ಬರುತ್ತವೆ. ಅವರು ಉಪದೇಶ ಮಾಡುವುದಿಲ್ಲ. ಒಣಗಿದ ಮರಕ್ಕೆ ನೀರು ಹಾಕುತ್ತಾರೆ, ಮರಳನ್ನು ಗಾಣಕ್ಕೆ ಹಾಕಿ ಎಣ್ಣೆ ತೆಗೆಯಲು ನಿಲ್ಲುತ್ತಾರೆ, ನೀರನ್ನು ಕಡೆದು ಬೆಣ್ಣೆಗಾಗಿ ಕಾಯುತ್ತಾರೆ, ಒಂದು ಹೆಣವನ್ನು ಹೊತ್ತುಕೊಂಡು ಎದುರಿಗೆ ಬರುತ್ತಾರೆ. ಇದೇನು ಹುಚ್ಚು ಎಂದು ರಾಮನು ಕೇಳುತ್ತಾನೆ. ನಿನ್ನ ಹೆಗಲ ಮೇಲಿರುವುದೇನು ಎಂದು ಅವರು ಕೇಳುತ್ತಾರೆ. ಆಗ ಅವನಿಗೆ ಎಚ್ಚರವಾಗುತ್ತದೆ.

ಇಲ್ಲಿ ಗಮನಿಸಬೇಕಾದುದು ಎರಡು. ಮೊದಲನೆಯದಾಗಿ, ಆರು ತಿಂಗಳು ಹೆಣ ಹೊತ್ತು ತಿರುಗಿದ ಈ ಬಲಭದ್ರನು ಅದೇ ಜನ್ಮದಲ್ಲಿ ತುಂಗೀಗಿರಿಯಿಂದ ಮೋಕ್ಷಕ್ಕೆ ಹೋದನು; ಅಷ್ಟು ಅತ್ತವನಿಗೆ ಮೋಕ್ಷದ ಬಾಗಿಲೇನೂ ಮುಚ್ಚಲಿಲ್ಲ. ಎರಡನೆಯದಾಗಿ, ಬೇಗನೆ ಬಂದು ಬೋಧಿಸಿದವರಿಂದ ಏನೂ ಆಗಲಿಲ್ಲ. ತಾಳ್ಮೆಯಿಂದ ಅವನ ಜೊತೆಗೆ ನಡೆದು, ತನ್ನ ಸ್ಥಿತಿಯನ್ನು ತಾನೇ ಕಾಣುವಂತೆ ಮಾಡಿದವರಿಂದ ಆಯಿತು. ಒಂದು ಕುತೂಹಲದ ಸಂಗತಿಯನ್ನೂ ಹೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ದೀರ್ಘಕಾಲದ ಶೋಕವನ್ನು ಒಂದು ವ್ಯಾಧಿಯೆಂದು ಸೇರಿಸಿದ್ದಾರೆ. ಅಲ್ಲಿ ಹಾಕಿರುವ ಕನಿಷ್ಠ ಅವಧಿಯೂ ಆರು ತಿಂಗಳೇ. ಅದಕ್ಕೂ ಮೊದಲಿನ ದುಃಖವು, ಎಷ್ಟೇ ತೀವ್ರವಾಗಿದ್ದರೂ, ಮನುಷ್ಯ ಸ್ವಭಾವವೇ ಎಂದು ವೈದ್ಯರೂ ಒಪ್ಪಿದಂತಾಯಿತು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಈ ವಿಷಯದಲ್ಲಿ ನಮ್ಮ ಮುಧೋಳದವನೇ ಆದ ಒಬ್ಬ ಮಹಾಕವಿಯು ಎಲ್ಲರಿಗಿಂತ ಹೆಚ್ಚು ಹೇಳಿದ್ದಾನೆ. ಕವಿಚಕ್ರವರ್ತಿ ರನ್ನನು ಮುದುವೊಳಲಿನಲ್ಲಿ, ಅಂದರೆ ಇಂದಿನ ಮುಧೋಳದಲ್ಲಿ, 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಯ ಮಲಾರವನ್ನು ಹೊತ್ತು ವ್ಯಾಪಾರ ಮಾಡುತ್ತಿದ್ದ ಕುಲದ ಹುಡುಗನು ವಿದ್ಯೆಯನ್ನು ಬಯಸಿ ಮನೆ ಬಿಟ್ಟು ಹೊರಟು, ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯ ಪಡೆದು, ಕೊನೆಗೆ ಚಾಲುಕ್ಯ ತೈಲಪನ ಆಸ್ಥಾನವನ್ನು ಸೇರಿದ ಕಥೆಯು ವ್ಯಾಪಾರಿಗಳ ಮಕ್ಕಳಿಗೆಲ್ಲ ಹೇಳತಕ್ಕದ್ದು. ಆದರೆ ಇಂದು ಪ್ರಸ್ತುತವಾಗಿರುವುದು ಅವನು 993ರಲ್ಲಿ ಮುಗಿಸಿದ ಅಜಿತಪುರಾಣ, ಮತ್ತು ಅದನ್ನು ಬರೆಯಿಸಿದ ಮಹಾಸತಿ ಅತ್ತಿಮಬ್ಬೆ.

ಅಜಿತನಾಥ ತೀರ್ಥಂಕರರ ಕಾಲದಲ್ಲಿ ಸಗರ ಚಕ್ರವರ್ತಿಯಿದ್ದನು. ಅವನಿಗೆ ಅರವತ್ತು ಸಾವಿರ ಮಕ್ಕಳು. ಕೆಲಸವೊಂದನ್ನು ಕೊಡೆಂದು ಮಕ್ಕಳು ಪೀಡಿಸಿದಾಗ, ಭರತ ಚಕ್ರವರ್ತಿಯು ಕೈಲಾಸದಲ್ಲಿ ಕಟ್ಟಿಸಿದ ಜಿನಾಲಯಗಳ ರಕ್ಷಣೆಗಾಗಿ ಬೆಟ್ಟದ ಸುತ್ತ ಕಂದಕ ತೋಡಿ ಗಂಗೆಯ ನೀರನ್ನು ಹರಿಸಿರೆಂದು ಕಳುಹಿಸುತ್ತಾನೆ. ಪೂರ್ವಜನ್ಮದಲ್ಲಿ ಸಗರನ ಮಿತ್ರನಾಗಿದ್ದ ಮಣಿಕೇತುವೆಂಬ ದೇವನು, ಅವನಿಗೆ ವೈರಾಗ್ಯ ಹುಟ್ಟಿಸಬೇಕೆಂಬ ಹಳೆಯ ಮಾತನ್ನು ನೆನೆದು, ಘೋರ ಸರ್ಪವಾಗಿ ಬಂದು ಮಕ್ಕಳನ್ನೆಲ್ಲ ಕೆಡವುತ್ತಾನೆ. ಮಂತ್ರಿಗಳಿಗೆ ಸುದ್ದಿ ತಿಳಿಯುತ್ತದೆ. ಚಕ್ರವರ್ತಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. ಆಸ್ಪತ್ರೆಯಿಂದ ಬಂದ ಸುದ್ದಿಯನ್ನು ಅಂಗಳದಲ್ಲಿಯೇ ತಡೆದು ನಿಲ್ಲಿಸುವ ಮನೆಗಳನ್ನು ಕಂಡವರಿಗೆ ಈ ಮಂತ್ರಿಗಳ ಅವಸ್ಥೆ ಚೆನ್ನಾಗಿ ತಿಳಿಯುತ್ತದೆ. ಆಗ ಮಣಿಕೇತುವು ಒಬ್ಬ ವೃದ್ಧ ಬ್ರಾಹ್ಮಣನ ವೇಷದಲ್ಲಿ ಅಳುತ್ತ ಅರಮನೆಗೆ ಬರುತ್ತಾನೆ. ಒಬ್ಬನೇ ಮಗನನ್ನು ಯಮನು ಒಯ್ದನೆಂದೂ, ಷಟ್ಖಂಡ ಪೃಥ್ವಿಯನ್ನಾಳುವವನಾದ ನೀನು ಅವನನ್ನು ಬಿಡಿಸಿ ಕೊಡಬೇಕೆಂದೂ ಮೊರೆಯಿಡುತ್ತಾನೆ. ಸಗರನು ಬಹಳ ಚೆನ್ನಾಗಿ ಸಮಾಧಾನ ಹೇಳುತ್ತಾನೆ. ಯಮನನ್ನು ಸಿದ್ಧರ ಹೊರತು ಯಾರೂ ಗೆಲ್ಲಲಾರರು, ಶೋಕವನ್ನು ಬಿಡು, ದೀಕ್ಷೆಯನ್ನು ತೆಗೆದುಕೋ ಎಂದು ತಿಳಿಸುತ್ತಾನೆ. ಬ್ರಾಹ್ಮಣನು ಎಲ್ಲವನ್ನೂ ಕೇಳಿ, ಈ ಮಾತು ನಿಜವಾದರೆ ನಿನ್ನ ಮಕ್ಕಳೂ ಸತ್ತಿದ್ದಾರೆ ಎಂದು ಹೇಳುತ್ತಾನೆ. ಚಕ್ರವರ್ತಿಯು ಅಲ್ಲಿಯೇ ಮೂರ್ಛೆ ಹೋಗುತ್ತಾನೆ.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಎಚ್ಚೆತ್ತ ಸಗರನು ತಾನು ಆಡಿದ ಮಾತನ್ನು ತಾನೇ ನಡೆಸಿ ಭಗೀರಥನಿಗೆ ರಾಜ್ಯವನ್ನೊಪ್ಪಿಸಿ ದೀಕ್ಷೆ ಪಡೆಯುತ್ತಾನೆ, ಮಕ್ಕಳು ಸತ್ತಿರಲಿಲ್ಲ, ಮೂರ್ಛಿತರಾಗಿದ್ದರೆಂದು ತಿಳಿಯುತ್ತದೆ, ಅವರೂ ಮುನಿಗಳಾಗುತ್ತಾರೆ. ಆದರೆ ಕಥೆಯ ಮರ್ಮವಿರುವುದು ಆ ಮೂರ್ಛೆಯಲ್ಲಿ. ಒಂದು ಕ್ಷಣದ ಹಿಂದೆ ಪರರ ಮಗನ ಸಾವಿಗೆ ಅಷ್ಟು ಸೊಗಸಾಗಿ ಬೋಧಿಸಿದವನ ಬೋಧೆಯು ತನ್ನ ಮಕ್ಕಳ ಸುದ್ದಿಗೆ ಒಂದು ಕ್ಷಣವೂ ನಿಲ್ಲಲಿಲ್ಲ. ಸಾವಿನ ಮನೆಗೆ ಹೋಗಿ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಪ್ರತಿಯೊಬ್ಬರೂ ಈ ಸಗರನನ್ನು ಒಮ್ಮೆ ನೆನೆಯಬೇಕು. ಸಂಸಾರ ಅಸಾರ, ಋಣ ತೀರಿತು, ಆಯುಷ್ಯ ಕರ್ಮ ಅಷ್ಟೇ ಇತ್ತು ಎಂಬ ಮಾತುಗಳೆಲ್ಲ ಸತ್ಯವೇ. ಆ ಸತ್ಯವು ಆ ತಾಯಿಗೂ ಗೊತ್ತಿದೆ. ಅನಿತ್ಯಾದಿ ಹನ್ನೆರಡು ಅನುಪ್ರೇಕ್ಷೆಗಳನ್ನು ಅವಳೂ ನಿತ್ಯ ಪಠಿಸಿದವಳೇ. ಮೂರನೆಯ ದಿನವೇ ಅದನ್ನು ಅವಳಿಗೆ ಮತ್ತೊಮ್ಮೆ ಕಲಿಸಬೇಕಾದ ಅಗತ್ಯವೇನು?

ಈ ಕಥೆಯುಳ್ಳ ಗ್ರಂಥವನ್ನು ಬರೆಯಿಸಿದವಳು ಯಾರೆಂಬುದನ್ನು ನೆನೆದರೆ ಅದರ ತೂಕ ಇನ್ನೂ ಹೆಚ್ಚುತ್ತದೆ. ಅತ್ತಿಮಬ್ಬೆಯು ಮಲ್ಲಪಯ್ಯನ ಮಗಳು. ಅವಳನ್ನೂ ಅವಳ ತಂಗಿ ಗುಂಡಮಬ್ಬೆಯನ್ನೂ ಚಾಲುಕ್ಯ ತೈಲಪನ ಮಂತ್ರಿ ಧಲ್ಲಪನ ಮಗನಾದ ನಾಗದೇವನಿಗೆ ಕೊಟ್ಟಿದ್ದರು. ದಂಡನಾಯಕ ನಾಗದೇವನು ಯುದ್ಧದಲ್ಲಿ ಮಡಿದನು. ಒಂದೇ ಮನೆಯಲ್ಲಿ ಹುಟ್ಟಿ ಒಂದೇ ಮನೆಯನ್ನು ಸೇರಿದ ಅಕ್ಕ ತಂಗಿಯರಿಗೆ ಒಂದೇ ದಿನ ಒಂದೇ ವಿಯೋಗ ಒದಗಿತು. ಗುಂಡಮಬ್ಬೆಯು ಪತಿಯ ಚಿತೆಯನ್ನೇರಿದಳು. ಅತ್ತಿಮಬ್ಬೆಯು ಮಗ ಅಣ್ಣಿಗನಿಗಾಗಿ ಉಳಿದಳು. ಗಂಡನ ಜೊತೆಗೆ ತಂಗಿಯನ್ನೂ ಕಳೆದುಕೊಂಡು ಉಳಿದಳೆಂಬುದನ್ನು ಮರೆಯಬಾರದು. ಅಂದಿನ ದಿನ ಆ ಮನೆಯಲ್ಲಿ ಹೋದ ಜೀವಗಳು ಎರಡು.

ಗುಂಡಮಬ್ಬೆಯನ್ನು ನಿಂದಿಸುವ ಅಧಿಕಾರ ಯಾರಿಗೂ ಇಲ್ಲ. ಅವಳ ದುಃಖವು ಅಂಥದು, ಅಂದಿನ ಲೋಕವೂ ಅದನ್ನು ಕೊಂಡಾಡುತ್ತಿತ್ತು. ಆದರೆ ನಮ್ಮ ಆಚಾರ್ಯರ ಅಭಿಪ್ರಾಯದಲ್ಲಿ ಸಂದೇಹವಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಧರ್ಮಬುದ್ಧಿಯಿಂದ ಬೆಟ್ಟದಿಂದ ಬೀಳುವುದನ್ನೂ ಬೆಂಕಿಯನ್ನು ಪ್ರವೇಶಿಸುವುದನ್ನೂ ಲೋಕಮೂಢತೆಯೆಂದು ಹೇಳಿದ್ದಾರೆ. ಸಲ್ಲೇಖನದ ಹೆಸರನ್ನು ಇದಕ್ಕೆ ತಂದು ಜೋಡಿಸುವವರೂ ಇದ್ದಾರೆ. ಶೋಕದಿಂದ ದೇಹವನ್ನು ಬಿಡುವುದು ಸಲ್ಲೇಖನವಲ್ಲ. ಅಲ್ಲಿ ರಾಗವೂ ಇರಬಾರದು, ದ್ವೇಷವೂ ಇರಬಾರದು. ಪತಿಯ ಮೇಲಿನ ರಾಗದಿಂದ ಬೆಂಕಿಗೆ ಬಿದ್ದರೆ ಅದು ವ್ರತವಾಗುವುದೆಂತು?

ಉಳಿದ ಅತ್ತಿಮಬ್ಬೆಯು ಏನು ಮಾಡಿದಳು? ಪೊನ್ನ ಕವಿಯ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲವದು. ಓಲೆಗರಿಗಳನ್ನು ಹದ ಮಾಡಿ, ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆದು, ಮಸಿ ತುಂಬಿ, ದಾರ ಪೋಣಿಸಿ ಕಟ್ಟಬೇಕು. ಒಂದು ಪುರಾಣದ ಒಂದು ಪ್ರತಿಗೇ ತಿಂಗಳುಗಳು ಬೇಕಾದಾವು. ಸಾವಿರ ಪ್ರತಿಯೆಂದರೆ ಎಷ್ಟು ಲಿಪಿಕಾರರು, ಎಷ್ಟು ಮನೆಗಳ ಅನ್ನ, ಎಷ್ಟು ವರ್ಷಗಳ ಲೆಕ್ಕ! ಗಾದಿಯ ಮೇಲೆ ಕುಳಿತು ಕಿರ್ದಿ ಬರೆದವರಿಗೆ ಇದು ಎಂಥ ವ್ಯವಹಾರವೆಂಬುದು ಕೂಡಲೇ ಹೊಳೆದೀತು. ಅವಳು ಆರಿಸಿದ ಗ್ರಂಥವೂ ಸಾಮಾನ್ಯದ್ದಲ್ಲ. ಅವಳ ತಂದೆ ಮಲ್ಲಪಯ್ಯನೂ ಚಿಕ್ಕಪ್ಪ ಪೊನ್ನಮಯ್ಯನೂ ತಮ್ಮ ಗುರುಗಳಾದ ಜಿನಚಂದ್ರದೇವರು ಕಾಲವಾದಾಗ ಅವರ ಸ್ಮರಣೆಗಾಗಿ ಪೊನ್ನನಿಂದ ಬರೆಯಿಸಿದ ಪುರಾಣವದು. ತವರುಮನೆಯವರು ಒಂದು ವಿಯೋಗದಲ್ಲಿ ಏನು ಮಾಡಿದ್ದರೋ ಅದನ್ನೇ ಮಗಳು ತನ್ನ ವಿಯೋಗದಲ್ಲಿ ಸಾವಿರ ಪಾಲು ಮಾಡಿದಳು. ಆಮೇಲೆ ರನ್ನನಿಂದ ಅಜಿತಪುರಾಣ. ಆಮೇಲೆ ಬಂಗಾರದ, ರತ್ನದ ಸಾವಿರದೈನೂರು ಜಿನಪ್ರತಿಮೆಗಳು. 1007ರಲ್ಲಿ ಲೊಕ್ಕಿಗುಂಡಿಯಲ್ಲಿ ಬಸದಿ. ಆ ಲಕ್ಕುಂಡಿಯ ಬ್ರಹ್ಮಜಿನಾಲಯವು ಇಂದಿಗೂ ನಿಂತಿದೆ. ಗದಗಿನ ಕಡೆಗೆ ಹೋಗುವವರು ಅರ್ಧ ದಿನ ಅಲ್ಲಿ ಇಳಿಯಬೇಕು. ಮಗ ಅಣ್ಣಿಗದೇವನೂ ದೊಡ್ಡವನಾಗಿ ಚಾಲುಕ್ಯರ ದಂಡನಾಯಕನಾದನು. ರನ್ನನು ತನ್ನ ಮಗಳಿಗೆ ಅತ್ತಿಮಬ್ಬೆಯೆಂದೇ ಹೆಸರಿಟ್ಟನು. ಬಳೆಗಾರರ ಮನೆಯವನು, ಬಳೆಗಳನ್ನು ಕಳೆದುಕೊಂಡವಳ ಹೆಸರನ್ನು ತನ್ನ ಮಗಳಿಗೆ ಇಡಲು ಹಿಂಜರಿಯಲಿಲ್ಲ.

ಅತ್ತಿಮಬ್ಬೆಯು ದುಃಖವನ್ನು ಮರೆತಳೆಂದು ಹೇಳಿದರೆ ತಪ್ಪಾದೀತು. 1007ರವರೆಗೂ ಅವಳು ಅದನ್ನು ಹೊತ್ತುಕೊಂಡೇ ನಡೆದಿರಬೇಕು. ರಬಕವಿ ಬನಹಟ್ಟಿಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗದ ಮೇಲೆ ಎಳೆ ಕಡಿದರೆ ನೇಕಾರನು ಮಗ್ಗ ನಿಲ್ಲಿಸಿ ಗಂಟು ಹಾಕಿ ಮತ್ತೆ ನೇಯುತ್ತಾನೆ. ಗಂಟು ಹೋಗುವುದಿಲ್ಲ, ಸೀರೆಯಲ್ಲಿಯೇ ಉಳಿಯುತ್ತದೆ. ಬೆರಳಾಡಿಸಿದರೆ ಕೈಗೆ ಹತ್ತುತ್ತದೆ.

ಶೋಕವು ಕೆಟ್ಟ ದಾರಿ ಹಿಡಿದರೆ ಏನಾಗುವುದೆಂಬುದನ್ನೂ ರನ್ನನೇ ಗದಾಯುದ್ಧದಲ್ಲಿ ತೋರಿಸಿದ್ದಾನೆ. ಸಂಜಯನ ಜೊತೆಗೆ ರಣರಂಗದಲ್ಲಿ ನಡೆಯುವ ದುರ್ಯೋಧನನು ದ್ರೋಣನನ್ನು, ಮಗ ಲಕ್ಷಣಕುಮಾರನನ್ನು, ತಮ್ಮ ದುಶ್ಶಾಸನನನ್ನು, ಗೆಳೆಯ ಕರ್ಣನನ್ನು ಒಬ್ಬೊಬ್ಬರನ್ನಾಗಿ ಕಂಡು ಪ್ರಲಾಪಿಸುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆಯೂ ನಿಂತು ಅವನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಆ ಘಳಿಗೆಯಲ್ಲಿ ಅವನು ಎಷ್ಟು ದೊಡ್ಡವನಾಗಿ ಕಾಣುತ್ತಾನೆ! ಆದರೆ ಭೀಷ್ಮರು ಸಂಧಿಯ ಮಾತನ್ನಾಡಿದಾಗ ಅದೇ ಸತ್ತವರ ಹೆಸರನ್ನು ಹಿಡಿದೇ ಅವನು ಒಲ್ಲೆನೆನ್ನುತ್ತಾನೆ. ಆರ್ತವು ರೌದ್ರವಾಯಿತು. ತಮ್ಮಲ್ಲೊಬ್ಬರು ತೀರಿಕೊಂಡ ಮೇಲೆ ಆಸ್ತಿಗಾಗಿಯೋ, ಯಾರ ಅಲಕ್ಷ್ಯದಿಂದ ಹೋದರೆಂಬ ವಾದಕ್ಕಾಗಿಯೋ ಅಣ್ಣ ತಮ್ಮಂದಿರು ಮಾತು ಬಿಟ್ಟ ಮನೆಗಳು ಪ್ರತಿ ಊರಿನಲ್ಲಿಯೂ ಸಿಗುತ್ತವೆ. ಅಲ್ಲಿ ಸಿಟ್ಟಿನಂತೆ ಕಾಣುವುದು ಬಹಳ ಸಲ ಅಳದೇ ಉಳಿದ ದುಃಖವೇ ಆಗಿರುತ್ತದೆ.

ಇನ್ನು ನಮ್ಮ ರೂಢಿಗಳ ವಿಚಾರ. ಹಳೆಯದೆಲ್ಲವೂ ಅಜ್ಞಾನವೆಂದು ತಳ್ಳುವುದು ಸರಿಯಲ್ಲ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸದಿದ್ದಾಗ ಬೀಗರು ನೆರೆಹೊರೆಯವರು ಬುತ್ತಿ ಕಟ್ಟಿಕೊಂಡು ಬರುವುದು, ದಿನಾಲು ಯಾರಾದರೂ ಬಂದು ಮಾತನಾಡಿಸುವುದು, ಹಳ್ಳಿಯ ಹೆಣ್ಣುಮಕ್ಕಳು ತೀರಿಕೊಂಡವರ ಗುಣಗಳನ್ನು ಹಾಡಿಕೊಂಡು ಅಳುವುದು ಇವುಗಳಲ್ಲಿ ದೊಡ್ಡ ವಿವೇಕವಿದೆ. ಹಾಡಿಕೊಂಡು ಅಳುವುದನ್ನು ನೋಡಿ ಕಲಿತವರು ಮುಖ ತಿರುಗಿಸುತ್ತಾರೆ. ಆದರೆ ಸತ್ತವರ ಹೆಸರು, ಅವರ ಕೆಲಸ, ಅವರ ಪ್ರೀತಿಯ ತಿನಿಸು ಇವುಗಳನ್ನು ಬಾಯಿ ಬಿಟ್ಟು ಹೇಳಲು ಬೇರೆ ಯಾವ ಅವಕಾಶವನ್ನು ನಾವು ಕೊಟ್ಟಿದ್ದೇವೆ? ಗಂಡಸರಿಗಂತೂ ಅದೂ ಇಲ್ಲ. ಸೂತಕ ಕಳೆದ ಮರುದಿನ ಅಂಗಡಿಯ ಕದ ತೆಗೆದು ಗಾದಿಯ ಮೇಲೆ ಕುಳಿತ ವ್ಯಾಪಾರಿಯ ಮುಂದೆ ಗಿರಾಕಿಗಳು ಬೆಲ್ಲದ ಧಾರಣೆ, ಅರಿವೆಯ ಭಾವ ಕೇಳುತ್ತಾರೆ. ಮಗನ ಹೆಸರನ್ನು ಯಾರೂ ಎತ್ತುವುದಿಲ್ಲ. ನೋವಾದೀತೆಂಬ ಸದ್ಭಾವವೇ ಅದು. ಆದರೆ ಸೂತಕಕ್ಕೆ ದಿನಗಳ ಲೆಕ್ಕವಿರುವಂತೆ ಶೋಕಕ್ಕೆ ಇಲ್ಲ. ಹದಿಮೂರು ದಿನಗಳ ತನಕ ತುಂಬಿದ ಮನೆಯು ಹದಿನಾಲ್ಕನೆಯ ದಿನ ಬರಿದಾಗುತ್ತದೆ, ನಿಜವಾದ ವಿಯೋಗ ಅಂದು ಪ್ರಾರಂಭವಾಗುತ್ತದೆ. ಮೂರು ತಿಂಗಳ ಮೇಲೆ, ಮೊದಲ ದೀಪಾವಳಿಯ ದಿನ, ಮೊದಲ ದಶಲಕ್ಷಣ ಪರ್ವದಲ್ಲಿ ಯಾರಾದರೂ ಹೋಗಿ ಆ ಹೆಸರನ್ನು ಎತ್ತಿ ಮಾತನಾಡಿದರೆ ಅದು ಮೊದಲ ದಿನದ ನೂರು ಜನರಿಗಿಂತ ಹೆಚ್ಚಿನದಾಗುತ್ತದೆ.

ಹಿರಿಯರು ಹೆಸರನ್ನು ಮುಚ್ಚಿಡುತ್ತಿರಲಿಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತಾಯಿ ಪೋಚಿಕಬ್ಬೆಗೂ ಮಡದಿ ಲಕ್ಷ್ಮೀಮತಿಗೂ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ನಿಷಿಧಿಗಳನ್ನು ನಿಲ್ಲಿಸಿ ಅವರ ಗುಣಗಳನ್ನು ಕಲ್ಲಿನಲ್ಲಿ ಕೊರೆಯಿಸಿದನು. ದೊಡ್ಡ ಸೇನಾಪತಿಗೂ ತಾಯಿಯ ಹೆಸರನ್ನು ಎಲ್ಲಿಯಾದರೂ ಬರೆದಿಡಬೇಕೆನಿಸಿತು.

ಒಂದು ಎಚ್ಚರಿಕೆಯ ಮಾತೂ ಅವಶ್ಯ. ತಿಂಗಳುಗಳು ಕಳೆದರೂ ಅನ್ನ ಸೇರದೆ, ನಿದ್ರೆ ಬಾರದೆ, ತಾನೂ ಹೋಗಿಬಿಡಬೇಕೆಂದು ಯಾರಾದರೂ ಹೇಳುತ್ತಿದ್ದರೆ ಅದನ್ನು ಬರೀ ಮಾತೆಂದು ತಿಳಿಯಬಾರದು, ದೆವ್ವ ಹಿಡಿದಿದೆಯೆಂದು ತಿರುಗಾಡಿಸಲೂ ಬಾರದು. ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ದೊಡ್ಡ ಸರಕಾರಿ ಸಂಸ್ಥೆಯಿದೆ. 2022ರಲ್ಲಿ ಕೇಂದ್ರ ಸರಕಾರವು ಪ್ರಾರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ. ಔಷಧ ದಾನವೂ ನಮ್ಮ ಚತುರ್ವಿಧ ದಾನಗಳಲ್ಲಿ ಒಂದೇ ಅಲ್ಲವೇ?

ಕೊನೆಯದಾಗಿ ಪ್ರತಿಷ್ಠಾ ಸಮಿತಿಯ ಹಿರಿಯರಲ್ಲಿ ಒಂದು ಬಿನ್ನಹ. ಪತಿವಿಯೋಗ ಹೊಂದಿದ ತಾಯಂದಿರು ಮಂಗಳ ಕಾರ್ಯಗಳಲ್ಲಿ ಹಿಂದೆ ಸರಿದು ನಿಲ್ಲುವ ರೂಢಿ ನಮ್ಮಲ್ಲಿಯೂ ಬಂದು ಸೇರಿದೆ. ಅವರು ಕಂಬದ ಮರೆಯಲ್ಲಿ ನಿಂತು ಅಭಿಷೇಕ ನೋಡುತ್ತಾರೆ. ತೊಟ್ಟಿಲು ತೂಗುವಾಗ ಕೈ ಮುಂದೆ ಮಾಡುವುದಿಲ್ಲ. ಕರೆದರೂ ಬೇಡಪ್ಪಾ ಎಂದು ಹಿಂಜರಿಯುತ್ತಾರೆ. ಇದಕ್ಕೆ ಶ್ರಾವಕಾಚಾರದ ಆಧಾರವನ್ನು ಯಾರಾದರೂ ತೋರಿಸಿದರೆ ತಲೆಬಾಗಿ ಕೇಳಬಹುದು. ಸಾವಿರದೈನೂರು ಜಿನಬಿಂಬಗಳನ್ನು ಮಾಡಿಸಿ ದಾನಚಿಂತಾಮಣಿಯೆನಿಸಿಕೊಂಡವಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು ಅಂಥ ಒಬ್ಬ ತಾಯಿಯೇ. ಅವಳು ಇಂದು ಈ ಮಂಟಪಕ್ಕೆ ಬಂದರೆ ಅವಳನ್ನು ಯಾವ ಕಂಬದ ಹಿಂದೆ ನಿಲ್ಲಿಸುವುದು?

ನಿರ್ವಾಣ ಕಲ್ಯಾಣದ ಮೆರವಣಿಗೆಯಲ್ಲಿ ಕಲಶ ಹೊರುವವರ ಪಟ್ಟಿಯನ್ನು ಇಂದು ಸಂಜೆ ಸಿದ್ಧಪಡಿಸುವರೆಂದು ತಿಳಿದಿದೆ. ಪ್ರತಿ ಊರಿನಿಂದಲೂ ಅಂಥ ಒಬ್ಬಿಬ್ಬರು ತಾಯಂದಿರ ಹೆಸರನ್ನು, ಅವರ ಮಕ್ಕಳ ಮೂಲಕವೋ ತಮ್ಮಂದಿರ ಮೂಲಕವೋ ಕೇಳಿಕೊಂಡು, ಊಟದ ಮೊದಲೇ ಕಾರ್ಯಾಲಯಕ್ಕೆ ಮುಟ್ಟಿಸಬೇಕೆಂದು ಎಲ್ಲ ಊರುಗಳ ಪಂಚರಲ್ಲಿ ಪ್ರಾರ್ಥನೆ.

ಜಯಜಿನೇಂದ್ರ.